ಎಲ್ಲೋ ಕೇಳಿದ ಹಾಗಿದೆಯಲ್ಲ: ಜೇಮ್ಸ್ ಹಾರ್ನರ್ ಸಂಗೀತದಲ್ಲಿ ಸ್ವಂತದ್ದೆಷ್ಟು, ಎರವಲೆಷ್ಟು?

2022ರಲ್ಲಿ ‘ಕಾಂತಾರ’ ತೆರೆಗೆ ಬಂದ ಕೆಲವೇ ವಾರಗಳಲ್ಲಿ ‘ವರಾಹ ರೂಪಂ’ ಹಾಡಿನ ಬಗ್ಗೆ ತಕರಾರು ಎದ್ದಿತು. ಆ ಹಾಡು ತಮ್ಮ ‘ನವರಸಂ’ ಹಾಡನ್ನು ಹೋಲುತ್ತದೆ ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ಬ್ಯಾಂಡಿನವರು ಕೋರ್ಟಿಗೆ ಹೋದರು. ಹಾಡು ಕೆಲ ಕಾಲ ಯೂಟ್ಯೂಬಿನಿಂದ ಇಳಿಯಿತು. ನಕಲಿನ ಆರೋಪವನ್ನು ಚಿತ್ರತಂಡ ಒಪ್ಪಲಿಲ್ಲ. ಆಗ ಸಂಗೀತದ ಗಂಧಗಾಳಿ ಇಲ್ಲದವರೂ ಕೇಳತೊಡಗಿದರು: ರಾಗ ಒಂದೇ ಆದರೆ ಹೋಲಿಕೆ ಬಂದೇ ಬರುತ್ತದೆ ಅಲ್ವಾ? ಹಾಗಾದರೆ ಪ್ರಭಾವ ಯಾವುದು, ನಕಲು ಯಾವುದು?

ಈ ಪ್ರಶ್ನೆಯನ್ನು ಬಿಡಿಸಿ ನೋಡಲು ಒಬ್ಬ ಸಂಗೀತ ನಿರ್ದೇಶಕರ ಕೆಲಸ ತುಂಬಾ ಅನುಕೂಲ. ಅವರೇ ಹಾಲಿವುಡ್‌ನ ಜೇಮ್ಸ್ ಹಾರ್ನರ್. ಹೆಸರು ಗೊತ್ತಿಲ್ಲದಿದ್ದರೂ ಅವರ ಸಂಗೀತವನ್ನು ನೀವು ಕೇಳಿಯೇ ಇರುತ್ತೀರಿ. ‘ಟೈಟಾನಿಕ್’ ಅವರದು, ‘ಬ್ರೇವ್‌ಹಾರ್ಟ್’ ಅವರದು, ‘ಅವತಾರ್’ ಕೂಡ ಅವರದೇ. ಅವರ ಸಂಗೀತಕ್ಕೆ ಮನಸೋತವರು ಎಷ್ಟು ಜನರೋ, ಇದು ಅಲ್ಲಿಂದ ಎತ್ತಿದ್ದು, ಅದು ಇಲ್ಲಿಂದ ಎತ್ತಿದ್ದು ಎಂದು ಬೆರಳು ಮಾಡಿದವರೂ ಅಷ್ಟೇ ಜನ. ಸಿನಿಮಾ ಸಂಗೀತದಲ್ಲಿ ಎರವಲಿಗೆ ಎಷ್ಟು ರೂಪಗಳಿವೆಯೋ ಅಷ್ಟೂ ಅವರೊಬ್ಬರಲ್ಲೇ ಸಿಗುತ್ತವೆ. ಎಲ್ಲವನ್ನೂ ಒಂದೇ ಮಾತಿನಲ್ಲಿ ‘ಕದ್ದದ್ದು’ ಎಂದು ಕರೆದರೆ ಏನೂ ಅರ್ಥವಾಗುವುದಿಲ್ಲ. ಒಂದೊಂದಾಗಿ ನೋಡಬೇಕು.

## ಯಾರು ಈ ಹಾರ್ನರ್?

ಹುಟ್ಟಿದ್ದು 1953ರ ಆಗಸ್ಟ್ 14ರಂದು, ಲಾಸ್ ಏಂಜಲೀಸ್‌ನಲ್ಲಿ. ತಂದೆ ಹ್ಯಾರಿ ಹಾರ್ನರ್ ಸಿನಿಮಾದ ಕಲಾ ನಿರ್ದೇಶಕರು, ಎರಡು ಆಸ್ಕರ್ ಗೆದ್ದವರು. ಜೇಮ್ಸ್ ಲಂಡನ್‌ನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಕಲಿತರು. ಅಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ಹಂಗೇರಿ ಮೂಲದ ದೊಡ್ಡ ಸಂಗೀತಗಾರ ಗ್ಯೋರ್ಗಿ ಲಿಗೆಟಿ ಒಬ್ಬರು. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಓದು ಮುಂದುವರಿಯಿತು.

ಸಿನಿಮಾ ಶುರುವಾದದ್ದು ಕಡಿಮೆ ದುಡ್ಡಿನಲ್ಲಿ ಚಿತ್ರ ತೆಗೆಯುತ್ತಿದ್ದ ರಾಜರ್ ಕಾರ್ಮನ್ ಅವರ ಕಂಪನಿಯಲ್ಲಿ. 1982ರ ‘ಸ್ಟಾರ್ ಟ್ರೆಕ್ 2’ ಅವರಿಗೆ ಹೆಸರು ತಂದಿತು. 1997ರ ‘ಟೈಟಾನಿಕ್’ ಎರಡು ಆಸ್ಕರ್ ತಂದಿತು, ಒಂದು ಹಿನ್ನೆಲೆ ಸಂಗೀತಕ್ಕೆ, ಇನ್ನೊಂದು ಹಾಡಿಗೆ. 2015ರ ಜೂನ್ 22ರಂದು ತಾವೇ ಓಡಿಸುತ್ತಿದ್ದ ಪುಟ್ಟ ವಿಮಾನ ಬಿದ್ದು ತೀರಿಕೊಂಡರು. ಆಗ ಅವರಿಗೆ 61.

ಈ ಹಿನ್ನೆಲೆಯಲ್ಲಿ ನೆನಪಿಡಬೇಕಾದದ್ದು ಒಂದೇ. ಹಾರ್ನರ್ ಬಂದದ್ದು ಕಚೇರಿ ಸಂಗೀತದ ಕಡೆಯಿಂದ. 19 ಮತ್ತು 20ನೇ ಶತಮಾನದ ಯುರೋಪಿನ ಸಿಂಫನಿಗಳು ಅವರ ಕಿವಿಯಲ್ಲಿ ತುಂಬಿದ್ದವು. ಸಿಂಫನಿ ಎಂದರೆ ದೊಡ್ಡ ವಾದ್ಯವೃಂದಕ್ಕಾಗಿ ಬರೆದ, ಸಾಮಾನ್ಯವಾಗಿ ನಾಲ್ಕು ಭಾಗಗಳ ಉದ್ದನೆಯ ಕೃತಿ. ಸಿನಿಮಾಕ್ಕೆ ಬರೆಯಲು ಕೂತಾಗ ಆ ಕಿವಿ ಸುಮ್ನೆ ಇರುವುದುಂಟೇ?

## ಹೋಲಿಕೆ ಇರುವುದು ಎಲ್ಲಿ?

ಎರಡು ಸಂಗೀತ ಒಂದೇ ಥರ ಇವೆ ಎಂದಾಗ ಮೊದಲು ಕೇಳಬೇಕಾದ ಪ್ರಶ್ನೆ, ಒಂದೇ ಥರ ಇರುವುದು ಏನು ಎಂದು.

ಸಂಗೀತದಲ್ಲಿ ಬೇರೆಬೇರೆ ಪದರಗಳಿವೆ. ನಾವು ಗುನುಗುವುದು ಟ್ಯೂನ್, ಅಂದರೆ ಸ್ವರಗಳ ಸಾಲು. ಕೈ ತಟ್ಟುವುದು ಲಯಕ್ಕೆ. ಟ್ಯೂನ್‌ನ ಕೆಳಗೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು ಇನ್ನೊಂದು ಪದರ, ಗಿಟಾರ್ ಕಲಿತವರು ಅದನ್ನು ಕಾರ್ಡ್ಸ್ ಎನ್ನುತ್ತಾರೆ. ಯಾವ ಸ್ವರವನ್ನು ಯಾವ ವಾದ್ಯ ನುಡಿಸಬೇಕು ಎಂಬುದು ಮತ್ತೊಂದು. ಇದಕ್ಕೆ ವಾದ್ಯ ಸಂಯೋಜನೆ ಎನ್ನುತ್ತಾರೆ. ಕೊಳಲಿನಲ್ಲಿ ಬಂದ ಟ್ಯೂನನ್ನು ತುತ್ತೂರಿಯಲ್ಲಿ ಕೇಳಿದರೆ ಭಾವವೇ ಬದಲಾಗುತ್ತದೆ.

ನಮ್ಮಲ್ಲಿ ಇದನ್ನು ಹೇಳಲು ರಾಗಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಸಂಗೀತ ಪಾಠಕ್ಕೆ ಹೋದ ಮಕ್ಕಳು ಕಲಿಯುವ ‘ವರವೀಣಾ’ ಗೀತೆ ಮೋಹನ ರಾಗದಲ್ಲಿದೆ. ‘ನಿನ್ನುಕೋರಿ’ ವರ್ಣವೂ ಮೋಹನವೇ. ಎರಡರಲ್ಲೂ ಅವೇ ಐದು ಸ್ವರ. ಆದರೂ ಒಂದನ್ನು ಇನ್ನೊಂದರ ನಕಲು ಎಂದು ಯಾರೂ ಹೇಳುವುದಿಲ್ಲ. ರಾಗ ಎಲ್ಲರದು. ಆ ರಾಗದಲ್ಲಿ ಕಟ್ಟಿದ ನಿರ್ದಿಷ್ಟ ಸ್ವರಸಾಲು ಮಾತ್ರ ಒಬ್ಬರದು.

ಸಿನಿಮಾ ಸಂಗೀತಕ್ಕೂ ಇದೇ ಮಾತು ಸಲ್ಲುತ್ತದೆ. 1977ರ ‘ಸ್ಟಾರ್ ವಾರ್ಸ್’ಗೆ ಜಾನ್ ವಿಲಿಯಮ್ಸ್ ಕೊಟ್ಟ ಸಂಗೀತದಲ್ಲಿ ಇಂಗ್ಲೆಂಡಿನ ಹೋಲ್ಸ್ಟ್, ರಷ್ಯದ ಸ್ಟ್ರಾವಿನ್ಸ್ಕಿ, 1930-40ರ ದಶಕದ ಹಾಲಿವುಡ್‌ನ ಕಾರ್ನ್‌ಗೋಲ್ಡ್, ಇವರೆಲ್ಲರ ನೆರಳು ಕಾಣುತ್ತದೆ. ಬಹುಪಾಲು ಅದು ಶೈಲಿಯ ನೆರಳು: ಕಹಳೆಗಳ ಅಬ್ಬರ, ಕುದುರೆ ಓಟದಂಥ ಲಯ, ಹಳೆಯ ಸಾಹಸ ಚಿತ್ರಗಳ ಗತ್ತು. ಶೈಲಿಯಿಂದ ಒಂದು ಹೆಜ್ಜೆ ಮುಂದೆ ಹೋಗಿ ಟ್ಯೂನಿಗೇ ಕೈ ಹಾಕಿದಾಗ ವಿಷಯ ಬೇರೆಯಾಗುತ್ತದೆ. ಹಾರ್ನರ್ ಮೇಲಿನ ದೂರು ಇರುವುದು ಅಲ್ಲೇ.

## ನಾಲ್ಕು ಸ್ವರಗಳ ಕಥೆ

ಹಾರ್ನರ್ ಸಂಗೀತ ಬಲ್ಲವರನ್ನು ಕೇಳಿದರೆ ಮೊದಲು ಬರುವ ಮಾತು ‘ಡೇಂಜರ್ ಮೋಟಿಫ್’. ಮೋಟಿಫ್ ಎಂದರೆ ಪೂರ್ತಿ ಟ್ಯೂನ್ ಆಗದ, ಆದರೆ ಕೇಳಿದ ಕೂಡಲೇ ಗುರುತು ಸಿಗುವ ಪುಟ್ಟ ಸ್ವರಗುಚ್ಛ. ಹಾರ್ನರ್ ಅವರದು ಬರೀ ನಾಲ್ಕು ಸ್ವರ. ಅಕ್ಕಪಕ್ಕದ ಮೂರು ಚಿಕ್ಕ ಸ್ವರಗಳು ಬೇಗಬೇಗ ಬರುತ್ತವೆ, ನಾಲ್ಕನೆಯದು ಬಂದು ನಿಲ್ಲುತ್ತದೆ. ತ-ತ-ತ-ತಾ. ಕಹಳೆಗಳಲ್ಲಿ ಇದು ಮೊಳಗಿತೆಂದರೆ ತೆರೆಯ ಮೇಲೆ ಯಾರಿಗೋ ಅಪಾಯ ಕಾದಿದೆ ಎಂದೇ ಲೆಕ್ಕ.

ಇದು ಒಂದೆರಡು ಚಿತ್ರಗಳಲ್ಲಿ ಬಂದಿದ್ದರೆ ಮಾತೇ ಇರುತ್ತಿರಲಿಲ್ಲ. 1988ರ ‘ವಿಲ್ಲೋ’ ಒಂದು ಮಾಯಾಲೋಕದ ಕಥೆ. 2001ರ ‘ಎನಿಮಿ ಅಟ್ ದ ಗೇಟ್ಸ್’ ಸ್ಟಾಲಿನ್‌ಗ್ರಾಡ್ ಯುದ್ಧದ ಕಥೆ. 2004ರ ‘ಟ್ರಾಯ್’ ಗ್ರೀಕ್ ಪುರಾಣ. 2009ರ ‘ಅವತಾರ್’ ನಡೆಯುವುದು ದೂರದ ಗ್ರಹವೊಂದರ ಚಂದ್ರನ ಮೇಲೆ. ನಾಲ್ಕಕ್ಕೂ ಸಂಬಂಧವೇ ಇಲ್ಲ. ನಾಲ್ಕರಲ್ಲೂ ಅದೇ ತ-ತ-ತ-ತಾ ಇದೆ.

ಅದರ ಮೂಲ ಎಂದು ಬಲ್ಲವರು ತೋರಿಸುವುದು ರಷ್ಯದ ಸೆರ್ಗೆಯ್ ರಖ್ಮಾನಿನೊವ್ ಅವರ ಮೊದಲನೇ ಸಿಂಫನಿಯನ್ನು. ಆ ಕೃತಿಯದೇ ಒಂದು ದೊಡ್ಡ ಕಥೆ. 1897ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊದಲ ಪ್ರದರ್ಶನ ನೆಲಕಚ್ಚಿತು. ಆಗ ರಖ್ಮಾನಿನೊವ್ ಅವರಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ಆ ಪೆಟ್ಟಿಗೆ ಮೂರು ವರ್ಷ ಹೆಚ್ಚೇನೂ ಬರೆಯಲಾಗದೆ ಮಂಕಾಗಿ ಕೂತರು. ಮತ್ತೆಂದೂ ತಮ್ಮ ಜೀವಮಾನದಲ್ಲಿ ಅದನ್ನು ಕೇಳಲಿಲ್ಲ. 1943ರಲ್ಲಿ ಅವರು ತೀರಿಕೊಂಡ ಮೇಲೆ ಲೆನಿನ್‌ಗ್ರಾಡ್‌ನಲ್ಲಿ ವಾದ್ಯಗಾರರ ಬಿಡಿ ಹಾಳೆಗಳು ಸಿಕ್ಕವು. ಅವುಗಳಿಂದ ಕೃತಿಯನ್ನು ಮತ್ತೆ ಜೋಡಿಸಿ 1945ರಲ್ಲಿ ನುಡಿಸಿದರು. ಅದರ ನಾಲ್ಕೂ ಭಾಗಗಳು ಶುರುವಾಗುವುದು ಇಂಥದ್ದೇ ಒಂದು ಚುರುಕು ತಿರುವಿನಿಂದ. (ರಖ್ಮಾನಿನೊವ್ ಅವರಿಗೂ ನಮಗೂ ಒಂದು ದೂರದ ನಂಟಿದೆ. ಅವರ ಆಪ್ತ ಗೆಳೆಯ ನಿಕೊಲಾಯ್ ಮೆಡ್ಟ್ನರ್ ಅವರ ಸಂಗೀತ ರೆಕಾರ್ಡ್ ಆಗಲು ಹಣ ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರ್.)

ಈಗ ಇದು ನಕಲೇ? ನಾಲ್ಕು ಸ್ವರ ಎಂಬುದು ಒಂದು ಶಬ್ದಕ್ಕಿಂತ ಸ್ವಲ್ಪ ದೊಡ್ಡದು, ಒಂದು ವಾಕ್ಯಕ್ಕಿಂತ ಚಿಕ್ಕದು. ಅಷ್ಟು ಚಿಕ್ಕದರ ಮೇಲೆ ಹಕ್ಕು ಸಾಧಿಸುವುದು ಯಾರಿಗೂ ಕಷ್ಟ. ನನ್ನ ಕಿವಿಗೆ ಇಲ್ಲಿ ಜಾಸ್ತಿ ತೊಡಕಾಗುವುದು ಅದು ರಖ್ಮಾನಿನೊವ್‌ನಿಂದ ಬಂದದ್ದು ಎಂಬುದಲ್ಲ, ಮತ್ತೆ ಮತ್ತೆ ಬರುವುದು. ‘ವಿಲ್ಲೋ’ದಲ್ಲಿ ಅದು ಮೈ ಜುಮ್ಮೆನಿಸುತ್ತದೆ. ‘ಟ್ರಾಯ್’ ಹೊತ್ತಿಗೆ ಕಥೆಯಿಂದ ಹೊರಗೆ ಎಳೆದು ಹಾಕುತ್ತದೆ.

## ಶೂಮನ್ ಮತ್ತು ‘ವಿಲ್ಲೋ’

ನಾಲ್ಕು ಸ್ವರದಿಂದ ಪೂರ್ತಿ ಟ್ಯೂನಿಗೆ ಬರೋಣ. ಜರ್ಮನಿಯ ರಾಬರ್ಟ್ ಶೂಮನ್ 1850ರಲ್ಲಿ ರೈನ್ ನದಿ ದಡದ ಡುಸೆಲ್‌ಡಾರ್ಫ್‌ಗೆ ಬಂದರು. ಅದೇ ವರ್ಷ ತಮ್ಮ ಮೂರನೇ ಸಿಂಫನಿ ಬರೆದರು. ‘ರೆನಿಶ್’ ಎಂದೇ ಅದರ ಹೆಸರು, ರೈನ್ ನದಿಯದು ಎಂದರ್ಥ. ಅದರ ಶುರುವಿನಲ್ಲಿ ಪೀಠಿಕೆ ಇಲ್ಲ, ನಿಧಾನ ಇಲ್ಲ. ಇಡೀ ವಾದ್ಯವೃಂದ ಒಮ್ಮೆಲೇ ಎತ್ತರಕ್ಕೆ ಜಿಗಿಯುತ್ತದೆ. ತಾಳ ಮೂರರ ಲೆಕ್ಕದ್ದು. ಆದರೆ ಒತ್ತು ಬೀಳುವ ಜಾಗವನ್ನು ಶೂಮನ್ ಜರುಗಿಸಿದ್ದರಿಂದ ಕೇಳುವವರಿಗೆ ಅಗಲವಾದ, ದೊಡ್ಡ ದಾಪುಗಾಲಿನ ನಡೆ ಕೇಳಿಸುತ್ತದೆ.

‘ವಿಲ್ಲೋ’ ಚಿತ್ರದ ವೀರಾವೇಶದ ಟ್ಯೂನ್ ಇದೇ ಜಿಗಿತದಿಂದ ಹೊರಡುತ್ತದೆ. ಅದೇ ಏರು, ಅದೇ ದಾಪುಗಾಲು. ಅಷ್ಟೇ ಅಲ್ಲ, ಅದೇ ಚಿತ್ರದಲ್ಲಿ ಪುಟ್ಟ ಮಗುವಿಗೆ ಕೊಟ್ಟ ಟ್ಯೂನ್ ಬಲ್ಗೇರಿಯಾದ ಒಂದು ಜನಪದ ಹಾಡಿನದು. ನಡುನಡುವೆ ಉಸಿರು ತುಂಬಿದ ಕೊಳಲೊಂದು ಕೇಳುತ್ತದೆ, ಅದು ಜಪಾನಿನ ಶಾಕುಹಾಚಿ.

ಹಾರ್ನರ್ ಇಲ್ಲಿ ಮಾಡಿದ್ದೇನು ಎಂದು ಗಮನಿಸಿ. ಶೂಮನ್ ಅವರ ಟ್ಯೂನನ್ನು ಹಾಗೇ ತಂದು ಕೂರಿಸಲಿಲ್ಲ. ಮೊದಲ ಜಿಗಿತವನ್ನು ತೆಗೆದುಕೊಂಡು ಮುಂದೆ ತಮ್ಮ ದಾರಿ ಹಿಡಿದರು. ತುತ್ತೂರಿ, ಕಹಳೆಗಳಿಗೆ ಕೊಟ್ಟು ಕುದುರೆ ಸವಾರಿಗೆ, ಕತ್ತಿವರಸೆಗೆ ಹೊಂದಿಸಿದರು. ಕಾನೂನಿನ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ. ಶೂಮನ್ ತೀರಿಕೊಂಡದ್ದು 1856ರಲ್ಲಿ. ಅವರ ಸಂಗೀತ ಈಗ ಎಲ್ಲರ ಸೊತ್ತು, ಯಾರು ಬೇಕಾದರೂ ಬಳಸಬಹುದು. ಆದರೂ ಚಿತ್ರ ನೋಡಿದ ಲಕ್ಷಾಂತರ ಜನರಿಗೆ ಈ ಜಿಗಿತ ಶೂಮನ್ ಅವರದು ಎಂದು ತಿಳಿಯುವ ದಾರಿಯೇ ಇರಲಿಲ್ಲ. ತೆಗೆದುಕೊಳ್ಳಲು ಹಕ್ಕಿದೆಯೇ ಎಂಬುದು ಒಂದು ಪ್ರಶ್ನೆ. ಹೆಸರು ಹೇಳಬೇಕಿತ್ತೇ ಎಂಬುದು ಇನ್ನೊಂದು. ಎರಡನ್ನೂ ಬೆರೆಸಿದರೆ ಮಾತು ದಾರಿ ತಪ್ಪುತ್ತದೆ.

ಅದೇ 1988ರ ‘ರೆಡ್ ಹೀಟ್’ ಚಿತ್ರದಲ್ಲಿ ಹಾರ್ನರ್ ಬಳಸಿದ್ದು ಸೋವಿಯತ್ ಸಂಗೀತಗಾರ ಪ್ರೊಕೊಫಿಯೆವ್ ಅವರು ರಷ್ಯದ ಅಕ್ಟೋಬರ್ ಕ್ರಾಂತಿಯ 20ನೇ ವರ್ಷಕ್ಕೆಂದು ಬರೆದ ಗಾಯನಕೃತಿಯನ್ನು. ಚಿತ್ರದ ನಾಯಕ ಮಾಸ್ಕೋದ ಪೊಲೀಸ್. ಹಾಗಾಗಿ ಆ ಸಂಗೀತಕ್ಕೆ ಕಥೆಯಲ್ಲೇ ಒಂದು ಕಾರಣವಿದೆ, ಊರು ಯಾವುದು ಎಂದು ಅದೇ ಹೇಳುತ್ತದೆ. ‘ವಿಲ್ಲೋ’ದಲ್ಲಿ ಶೂಮನ್‌ಗೆ ಅಂಥ ಕಾರಣ ಇಲ್ಲ.

## ಟೆಂಪ್ ಟ್ರ್ಯಾಕ್ ಎಂಬ ಒತ್ತಡ

ಎಲ್ಲ ಹೊಣೆಯನ್ನೂ ಸಂಗೀತ ನಿರ್ದೇಶಕರ ಮೇಲೆ ಹಾಕುವ ಮೊದಲು ಹಾಲಿವುಡ್‌ನಲ್ಲಿ ಕೆಲಸ ನಡೆಯುವ ರೀತಿ ಗೊತ್ತಿರಬೇಕು.

ಅಲ್ಲಿ ಹಿನ್ನೆಲೆ ಸಂಗೀತ ಬರೆಯುವುದು ಸಾಮಾನ್ಯವಾಗಿ ಕೊನೆಗೆ, ಎಡಿಟಿಂಗ್ ಬಹುಪಾಲು ಮುಗಿದ ಮೇಲೆ. ಆದರೆ ಸಂಗೀತವೇ ಇಲ್ಲದೆ ದೃಶ್ಯ ಕತ್ತರಿಸುವುದು ಕಷ್ಟ. ನಿರ್ಮಾಪಕರಿಗೆ ತೋರಿಸಲೂ ಆಗುವುದಿಲ್ಲ. ಅದಕ್ಕೆ ಎಡಿಟರ್ ಬೇರೆ ಚಿತ್ರದ ಅಥವಾ ಹಳೆಯ ಸಿಂಫನಿಯ ಸಂಗೀತವನ್ನು ತಾತ್ಕಾಲಿಕವಾಗಿ ಅಂಟಿಸುತ್ತಾರೆ. ಇದೇ ಟೆಂಪ್ ಟ್ರ್ಯಾಕ್. ನಿರ್ದೇಶಕರು ತಿಂಗಳುಗಟ್ಟಲೆ ಅದನ್ನೇ ಕೇಳುತ್ತಾರೆ. ಕೊನೆಗೆ ಅದಿಲ್ಲದ ದೃಶ್ಯವನ್ನು ಊಹಿಸಿಕೊಳ್ಳುವುದೂ ಅವರಿಗೆ ಆಗುವುದಿಲ್ಲ.

ಟೈಲರ್ ಹತ್ತಿರ ಹಳೇ ಶರ್ಟ್ ಅಳತೆಗೆ ಕೊಡುತ್ತೇವಲ್ಲ, ಹಾಗೆ. ತೋಳು, ಎದೆ, ಉದ್ದ ಅಷ್ಟನ್ನೇ ನೋಡಿಕೊಂಡರೆ ಹೊಸ ಶರ್ಟ್ ಹೊಸದಾಗಿಯೇ ಇರುತ್ತದೆ. ಕಾಲರ್ ಇದೇ ಥರ ಇರಲಿ, ಬಟ್ಟೆಯೂ ಇಂಥದ್ದೇ ಬೇಕು, ಗುಂಡಿಯೂ ಹೀಗೇ ಇರಲಿ ಎಂದು ಹಟ ಹಿಡಿದರೆ ಟೈಲರ್ ಏನು ಮಾಡಬೇಕು? ಸಂಗೀತ ನಿರ್ದೇಶಕರ ಪಾಡೂ ಇದೇ. ಲಯದ ವೇಗ, ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು, ಇಷ್ಟೆಲ್ಲ ಟೆಂಪ್ ಟ್ರ್ಯಾಕ್ ಮೊದಲೇ ನಿಶ್ಚಯಿಸಿಬಿಟ್ಟಿರುತ್ತದೆ.

ಇದರ ಅತಿ ದೊಡ್ಡ ಉದಾಹರಣೆ 1968ರ ‘2001: ಎ ಸ್ಪೇಸ್ ಒಡಿಸ್ಸಿ’. ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ ಅವರಿಗಾಗಿ ಅಲೆಕ್ಸ್ ನಾರ್ತ್ ಹೊಸ ಸಂಗೀತ ಬರೆದು ರೆಕಾರ್ಡ್ ಕೂಡ ಮಾಡಿದ್ದರು. ಕುಬ್ರಿಕ್ ಅದನ್ನು ಪೂರ್ತಿ ಕೈಬಿಟ್ಟು ಹಳೆಯ ಕೃತಿಗಳನ್ನೇ ಉಳಿಸಿಕೊಂಡರು. ಚಿತ್ರ ನೋಡಿದಾಗಲೇ ನಾರ್ತ್ ಅವರಿಗೆ ಅದು ಗೊತ್ತಾದದ್ದು. ಆ ಹಳೆಯ ಕೃತಿಗಳಲ್ಲಿ ಹಾರ್ನರ್ ಗುರು ಲಿಗೆಟಿ ಅವರವೂ ಇದ್ದವು. ಸೋವಿಯತ್ ಸಂಗೀತಗಾರ ಅರಾಮ್ ಖಾಚತುರಿಯನ್ ಅವರ ‘ಗಯಾನೆ’ ಎಂಬ ಬ್ಯಾಲೆಯ ಒಂದು ನಿಧಾನ ಭಾಗವೂ ಇತ್ತು. ಬಾಹ್ಯಾಕಾಶದ ಒಂಟಿತನಕ್ಕೆ ಅದು ಎಷ್ಟು ಹೊಂದಿತು ಎಂದರೆ, ಹದಿನೆಂಟು ವರ್ಷದ ನಂತರ ‘ಏಲಿಯನ್ಸ್’ ಚಿತ್ರದ ಶುರುವಿನಲ್ಲಿ ಹಾರ್ನರ್ ಬರೆದ ಸಂಗೀತ ಅದರ ನೆನಪಿನಲ್ಲೇ ತೇಲುತ್ತದೆ.

‘ಏಲಿಯನ್ಸ್’ಗೆ ಕೆಲಸ ಮಾಡಲು ಹಾರ್ನರ್ ಲಂಡನ್‌ಗೆ ಬಂದಾಗ ಚಿತ್ರ ಇನ್ನೂ ಮುಗಿದಿರಲಿಲ್ಲ. ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಎಡಿಟಿಂಗ್‌ನಲ್ಲಿ ಮುಳುಗಿದ್ದರು. ಉಳಿದ ಸಮಯ ತೀರಾ ಕಡಿಮೆ. ಜಗಳವೂ ಆಯಿತು, ಇಬ್ಬರೂ ಬಹಳ ವರ್ಷ ಒಟ್ಟಿಗೆ ಕೆಲಸ ಮಾಡಲಿಲ್ಲ. ಆದರೆ ಆ ಅವಸರದ ಸಂಗೀತವೇ ಹಾರ್ನರ್ ಅವರಿಗೆ ಮೊದಲ ಆಸ್ಕರ್ ನಾಮನಿರ್ದೇಶನ ತಂದಿತು. 2004ರಲ್ಲಿ ‘ಟ್ರಾಯ್’ಗೂ ಹೀಗೇ ಆಯಿತು. ಗೇಬ್ರಿಯಲ್ ಯಾರೆಡ್ ಸುಮಾರು ಒಂದು ವರ್ಷ ದುಡಿದು ಮಾಡಿದ ಸಂಗೀತವನ್ನು ಪ್ರಾಯೋಗಿಕ ಪ್ರದರ್ಶನದ ನಂತರ ಸ್ಟುಡಿಯೋ ತಿರಸ್ಕರಿಸಿತು. ಬಿಡುಗಡೆ ಹತ್ತಿರ ಬಂದಿತ್ತು. ಕೆಲವೇ ವಾರಗಳಲ್ಲಿ ಎರಡೂವರೆ ಗಂಟೆ ಮೀರಿದ ಚಿತ್ರಕ್ಕೆ ಹೊಸ ಸಂಗೀತ ಕೊಡಬೇಕಾಯಿತು. ಅಂಥ ಅವಸರದಲ್ಲಿ ಕೈಗೆ ಮೊದಲು ಸಿಗುವುದು ಗೊತ್ತಿರುವುದೇ. ಡೇಂಜರ್ ಮೋಟಿಫ್ ಆ ಚಿತ್ರದಲ್ಲಿ ಅಷ್ಟೊಂದು ಸಲ ಯಾಕೆ ಬರುತ್ತದೆ ಎಂಬುದಕ್ಕೆ ಇದು ಅರ್ಧ ಉತ್ತರವಾದರೂ ಆದೀತು. ಪೂರ್ತಿ ಸಮರ್ಥನೆ ಆಗುವುದಿಲ್ಲ, ಯಾಕೆಂದರೆ ಸಮಯ ಸಾಕಷ್ಟಿದ್ದ ‘ಅವತಾರ್’ನಲ್ಲೂ ಅದು ಬಂದಿದೆ.

## ಹಿಂದಿನವರೂ ಹೀಗೇ ಮಾಡಿದ್ದರಾ?

ಮಾಡಿದ್ದರು. 18ನೇ ಶತಮಾನದ ಜರ್ಮನಿಯ ಬಾಖ್ ಅವರು ಇಟಲಿಯ ವಿವಾಲ್ಡಿಯ ನಾಲ್ಕು ಪಿಟೀಲಿನ ಕನ್ಚೆರ್ಟೊ (ಕೆಲವು ವಾದ್ಯಗಳು ಮುಂದೆ ನಿಂತು ವಾದ್ಯವೃಂದದ ಜೊತೆ ನುಡಿಯುವ ಕೃತಿ) ಒಂದನ್ನು ನಾಲ್ಕು ಹಾರ್ಪ್ಸಿಕಾರ್ಡ್‌ಗೆ, ಅಂದರೆ ಪಿಯಾನೊಗಿಂತ ಹಳೆಯ ಕೀಲಿಮಣೆ ವಾದ್ಯಕ್ಕೆ, ಒಗ್ಗಿಸಿ ಬರೆದರು. ಅದೇ ಕಾಲದ ಹ್ಯಾಂಡೆಲ್ ತಮ್ಮ ಹಳೆಯ ಟ್ಯೂನ್‌ಗಳನ್ನೂ ಬೇರೆಯವರ ಟ್ಯೂನ್‌ಗಳನ್ನೂ ಧಾರಾಳವಾಗಿ ಮತ್ತೆ ಬಳಸಿದರು. ನಮ್ಮ ಕಡೆ ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡ್ ಟ್ಯೂನ್‌ಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದರು. ನೋಟ್ಟುಸ್ವರಗಳು ಎಂದು ಇಂದಿಗೂ ಮಕ್ಕಳು ಹಾಡುತ್ತಾರೆ. ಅವುಗಳಲ್ಲಿ ‘ಸಂತತಂ ಪಾಹಿಮಾಂ’ ಬ್ರಿಟನ್ನಿನ ರಾಷ್ಟ್ರಗೀತೆಯ ಟ್ಯೂನಿನಲ್ಲಿದೆ.

ಆದರೆ ಒಂದು ವ್ಯತ್ಯಾಸ ಮರೆಯಬಾರದು. ದೀಕ್ಷಿತರ ಕಾಲದಲ್ಲಿ ಆ ಟ್ಯೂನ್ ಎಲ್ಲಿಯದು ಎಂದು ಕೇಳುವವರಿಗೆ ಗೊತ್ತಿತ್ತು. ನೋಟ್ಟು ಎಂಬ ಹೆಸರೇ ಅದನ್ನು ಹೇಳುತ್ತದೆ. ಮುಚ್ಚುಮರೆ ಇರಲಿಲ್ಲ. ಸಂಗೀತದ ಮೇಲೆ ಒಬ್ಬರ ಹಕ್ಕು, ಅದಕ್ಕೆ ರಾಯಲ್ಟಿ ಎಂಬ ಇಂದಿನ ವ್ಯವಸ್ಥೆಯೂ ಆಗ ಇರಲಿಲ್ಲ.

## ಕಾನೂನು ಏನು ನೋಡುತ್ತದೆ?

ಏಳು ಸ್ವರದ ಒಳಗಿದ್ದರೆ ತೊಂದರೆ ಇಲ್ಲ, ಎಂಟು ಸೆಕೆಂಡ್ ದಾಟದಿದ್ದರೆ ಸಾಕು ಎಂಬ ಮಾತುಗಳನ್ನು ಕೇಳಿರುತ್ತೀರಿ. ಅಂಥ ನಿಯಮ ಭಾರತದಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ.

ಕೋರ್ಟು ಮೊದಲು ನೋಡುವುದು ಕೃತಿಗೆ ಇನ್ನೂ ಕಾಪಿರೈಟ್ ಇದೆಯೇ ಎಂದು. ಭಾರತದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಂಗೀತ ರಚಿಸಿದವರು ಬದುಕಿರುವವರೆಗೆ, ಅವರು ತೀರಿಕೊಂಡ ಮೇಲೆ ಇನ್ನೂ 60 ವರ್ಷ ಹಕ್ಕು ಉಳಿಯುತ್ತದೆ. ಆಮೇಲೆ ಅದು ಎಲ್ಲರದು. ಸೋವಿಯತ್ ಸಂಗೀತದ ವಿಷಯದಲ್ಲಿ ಒಂದು ವಿಶೇಷ ಇತ್ತು. 1973ಕ್ಕೆ ಮೊದಲು ಪ್ರಕಟವಾದ ಸೋವಿಯತ್ ಕೃತಿಗಳಿಗೆ ಸಾಮಾನ್ಯವಾಗಿ ಅಮೆರಿಕದಲ್ಲಿ ಕಾಪಿರೈಟ್ ರಕ್ಷಣೆಯೇ ಇರಲಿಲ್ಲ. ಎರಡು ದೇಶಗಳ ನಡುವೆ ಅಂಥ ಒಪ್ಪಂದ ಇರಲಿಲ್ಲ. 1996ರಲ್ಲಿ ಕಾನೂನು ಬದಲಾಗಿ ಆ ಹಕ್ಕು ಮರಳಿ ಬಂದಿತು. 2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾರ್ನರ್ ಪ್ರೊಕೊಫಿಯೆವ್, ಖಾಚತುರಿಯನ್ ಕಡೆ ಕೈ ಚಾಚಿದ 1980ರ ದಶಕ ಈ ಬದಲಾವಣೆಗೆ ಮುಂಚಿನದು.

ಎರಡನೆಯದು, ತೆಗೆದುಕೊಂಡದ್ದು ಕಲ್ಪನೆಯೋ ಅಥವಾ ಅದಕ್ಕೆ ಕೊಟ್ಟ ರೂಪವೋ ಎಂಬುದು. ಕಲ್ಪನೆ, ವಸ್ತು, ಶೈಲಿ ಇವುಗಳಿಗೆ ಕಾಪಿರೈಟ್ ಇಲ್ಲ. ಒಂದು ನಾಟಕ ಮತ್ತು ಒಂದು ಸಿನಿಮಾದ ನಡುವಿನ ಮೊಕದ್ದಮೆಯಲ್ಲಿ 1978ರಲ್ಲೇ ನಮ್ಮ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಎರಡನ್ನೂ ನೋಡಿದ ಸಾಮಾನ್ಯರಿಗೆ ಇದು ಅದರ ನಕಲೇ ಎಂದು ಅನುಮಾನಕ್ಕೆ ಎಡೆಯಿಲ್ಲದಂತೆ ಅನ್ನಿಸಬೇಕು ಎಂಬುದು ಆ ತೀರ್ಪು ಕೊಟ್ಟ ಅಳತೆಗೋಲು.

ಗೊತ್ತಿಲ್ಲದೆ ಆಯಿತು ಎಂದರೆ? ಅದೂ ರಕ್ಷಣೆ ಅಲ್ಲ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಮೇಲಿನ ಮೊಕದ್ದಮೆಯಲ್ಲಿ 1976ರಲ್ಲಿ ಅಮೆರಿಕದ ಕೋರ್ಟ್, ಹಳೆಯ ಹಾಡು ಅವರ ಮನಸ್ಸಿನ ಒಳಗೆಲ್ಲೋ ಉಳಿದು ಅರಿವಿಲ್ಲದೆ ಹೊರಬಂದಿದೆ ಎಂದು ಒಪ್ಪಿತು. ಹಾಗಿದ್ದರೂ ಅದು ಉಲ್ಲಂಘನೆಯೇ ಎಂದಿತು.

ರಾಗದ ಪ್ರಶ್ನೆ ನಮ್ಮ ಕೋರ್ಟುಗಳಿಗೆ 2025ರಲ್ಲಿ ನೇರವಾಗಿ ಬಂದಿತು. ಎ.ಆರ್. ರೆಹಮಾನ್ ಅವರ ‘ವೀರಾ ರಾಜ ವೀರಾ’ ಹಾಡು ತಮ್ಮ ಮನೆತನದ ‘ಶಿವ ಸ್ತುತಿ’ಯಿಂದ ಬಂದದ್ದು ಎಂದು ಧ್ರುಪದ್ ಗಾಯಕ ವಾಸಿಫುದ್ದೀನ್ ಡಾಗರ್ ದಿಲ್ಲಿ ಹೈಕೋರ್ಟಿಗೆ ಹೋದರು. ಏಪ್ರಿಲ್‌ನಲ್ಲಿ ಏಕಸದಸ್ಯ ಪೀಠ ಡಾಗರ್ ಪರ ಮಧ್ಯಂತರ ಆದೇಶ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ಒಂದು ಕೃತಿಯನ್ನು ಹಾಡುತ್ತ ಬಂದವರೇ ಅದನ್ನು ರಚಿಸಿದವರು ಎಂದು ಹೇಗೆ ತೀರ್ಮಾನಿಸುವುದು ಎಂಬ ಕಗ್ಗಂಟು ಅಲ್ಲಿ ಮುಖ್ಯವಾಯಿತು. ಬಾಯಿಂದ ಬಾಯಿಗೆ ಬಂದ ಸಂಗೀತಕ್ಕೆ ಬರವಣಿಗೆಯ ಲೆಕ್ಕದ ಕಾನೂನು ಹೊಂದಿಸುವುದು ಸುಲಭವಲ್ಲ.

ಹಾರ್ನರ್ ವಿಷಯದಲ್ಲಿ ಕಾನೂನಿನ ಬಿಸಿ ಮುಟ್ಟಿದ್ದು 1989ರ ‘ಹನಿ, ಐ ಶ್ರಂಕ್ ದ ಕಿಡ್ಸ್’ ಚಿತ್ರದಿಂದ. ಅದರ ಶೀರ್ಷಿಕೆ ಸಂಗೀತದಲ್ಲಿ ರೇಮಂಡ್ ಸ್ಕಾಟ್ ಅವರ 1937ರ ‘ಪವರ್‌ಹೌಸ್’ ಕೃತಿಯ ಭಾಗ ಇತ್ತು. ಹಳೆಯ ಕಾರ್ಟೂನ್‌ಗಳಲ್ಲಿ ಯಂತ್ರಗಳು ಗಡಗಡ ಓಡುವಾಗ ಬರುವ ಸಂಗೀತ ನೆನಪಿದ್ದರೆ, ಅದೇ ಇದು. ಸ್ಕಾಟ್ ಹೆಸರು ಹಾಕಿರಲಿಲ್ಲ, ಹಣವೂ ಕೊಟ್ಟಿರಲಿಲ್ಲ. ಸ್ಕಾಟ್ ಕಡೆಯವರು ಮೊಕದ್ದಮೆಯ ಎಚ್ಚರಿಕೆ ಕೊಟ್ಟರು. ಡಿಸ್ನಿ ಕಂಪನಿ ಕೋರ್ಟಿನ ಹೊರಗೇ ಹಣ ಕೊಟ್ಟು ಬಗೆಹರಿಸಿಕೊಂಡಿತು. ಚಿತ್ರದ ಕ್ಯೂ ಶೀಟ್‌ನಲ್ಲಿ ಸ್ಕಾಟ್ ಹೆಸರು ಸೇರಿತು. ಕ್ಯೂ ಶೀಟ್ ಎಂದರೆ ಚಿತ್ರದಲ್ಲಿ ಯಾವ ಸಂಗೀತ ಎಷ್ಟು ಹೊತ್ತು ಬರುತ್ತದೆ, ಯಾರದು ಎಂಬ ಪಟ್ಟಿ. ಟಿವಿಯಲ್ಲಿ ಚಿತ್ರ ಬಂದಾಗಲೆಲ್ಲ ರಾಯಲ್ಟಿ ಯಾರಿಗೆ ಹೋಗಬೇಕು ಎಂದು ನಿರ್ಧರಿಸುವುದು ಇದೇ ಪಟ್ಟಿ. ಶೂಮನ್ ಮತ್ತು ಸ್ಕಾಟ್ ಇಬ್ಬರಿಂದಲೂ ತೆಗೆದುಕೊಂಡದ್ದು ಒಂದೇ ಕೈ. ಆದರೆ ಒಂದರಲ್ಲಿ ಯಾರಿಗೂ ನಷ್ಟ ಆಗಲಿಲ್ಲ, ಇನ್ನೊಂದರಲ್ಲಿ ಬದುಕಿದ್ದ ಒಬ್ಬ ಸಂಗೀತಗಾರರ ಪಾಲಿನ ಹಣ ತಪ್ಪಿಹೋಗುತ್ತಿತ್ತು. ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

## ಹಾಗಾದರೆ ಅವರ ಸ್ವಂತದ್ದು ಏನು?

‘ಟೈಟಾನಿಕ್’ ತೆಗೆದುಕೊಳ್ಳಿ. ಕ್ಯಾಮರೂನ್ ಅವರಿಗೆ ಐರ್ಲೆಂಡಿನ ಗಾಯಕಿ ಎನ್ಯಾ ಅವರ ಸಂಗೀತ ಮನಸ್ಸಿನಲ್ಲಿತ್ತು. ಹಡಗು ಬಂದರು ಬಿಡುವ ದೃಶ್ಯದಲ್ಲಿ ಕೇಳುವ ಮಂಜಿನಂಥ ಗಾಯನದ ಅಲೆಯಲ್ಲಿ ಎನ್ಯಾ ಶೈಲಿ ಕಣ್ಣಿಗೆ ರಾಚುವಷ್ಟು ಇದೆ. ಅಲ್ಲಿ ಟ್ಯೂನ್ ಮಾತ್ರ ಹಾರ್ನರ್ ಅವರದು. ಚಿತ್ರದ ಮುಖ್ಯ ಟ್ಯೂನನ್ನು ನಾರ್ವೆಯ ಗಾಯಕಿ ಸಿಸೆಲ್ ಪದಗಳಿಲ್ಲದೆ ಬರೀ ಆಲಾಪದಲ್ಲಿ ಹಾಡುತ್ತಾರೆ. ಅದೇ ಟ್ಯೂನ್ ಕೊನೆಗೆ ಸೆಲೀನ್ ಡಿಯಾನ್ ಹಾಡಾಗುತ್ತದೆ. ಚಿತ್ರದ ಕೊನೆಯಲ್ಲಿ ಹಾಡು ಬೇಡ ಎಂದು ಕ್ಯಾಮರೂನ್ ಹೇಳಿದ್ದರು. ಹಾರ್ನರ್ ಗೀತಕಾರ ವಿಲ್ ಜೆನ್ನಿಂಗ್ಸ್ ಜೊತೆ ಸೇರಿ ಅದನ್ನು ಗುಟ್ಟಾಗಿ ಮಾಡಿಟ್ಟುಕೊಂಡಿದ್ದರು. ಎರವಲು ತಂದ ಬಣ್ಣ, ಸ್ವಂತ ಟ್ಯೂನ್, ಒಂದೇ ಟ್ಯೂನನ್ನು ಮೂರು ಗಂಟೆಯ ಕಥೆಗೆ ಹೊಲಿಯುವ ಜಾಣ್ಮೆ, ಮೂರೂ ಆ ಚಿತ್ರದಲ್ಲಿ ಒಟ್ಟಿಗೆ ಕೂತಿವೆ. ಅವರ ಶಕ್ತಿ ಇದ್ದದ್ದು ಈ ಹೊಲಿಗೆಯಲ್ಲೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಯಾವ ಪಾತ್ರದ ಯಾವ ನೋಟಕ್ಕೆ ಸಂಗೀತ ಎಷ್ಟು ತಗ್ಗಬೇಕು ಎಂಬುದು ಅವರಿಗೆ ಗೊತ್ತಿದ್ದಷ್ಟು ಕೆಲವರಿಗೇ ಗೊತ್ತಿತ್ತು.

‘ಅವತಾರ್’ಗೆ ಅವರು ಉಲ್ಟಾ ದಾರಿ ಹಿಡಿದರು. ಆ ಬೇರೆ ಲೋಕದ ನಾವಿ ಜನರ ಸಂಗೀತ ಭೂಮಿಯ ಯಾವ ಸಂಸ್ಕೃತಿಯನ್ನೂ ನೆನಪಿಸಬಾರದು ಎಂಬುದು ಉದ್ದೇಶ. ಅದಕ್ಕೆ ಜನಾಂಗ ಸಂಗೀತದ ವಿದ್ವಾಂಸೆ ವಾಂಡಾ ಬ್ರಯಂಟ್ ಜೊತೆ ಸೇರಿ ಜಗತ್ತಿನ ಮೂಲೆಮೂಲೆಯ ಅಪರೂಪದ ಗಾಯನ ರೀತಿಗಳನ್ನು ಕಲೆಹಾಕಿದರು, ಬೆರೆಸಿದರು, ಗುರುತು ಸಿಗದಂತೆ ಮಾಡಲು ನೋಡಿದರು. ಕೆಲವು ತೀರಾ ವಿಚಿತ್ರ ಎನ್ನಿಸಿದವು, ಕೆಲವು ಯಾವ ನಾಡಿನದು ಎಂದು ತಕ್ಷಣ ಗೊತ್ತಾಗುವಂತಿದ್ದವು. ಎಷ್ಟೋ ಪ್ರಯೋಗಗಳನ್ನು ಕೈಬಿಡಬೇಕಾಯಿತು. ಕೊನೆಗೆ ಉಳಿದದ್ದು ನೋಡುಗರ ಕಿವಿಗೆ ಹೊಸದೂ ಅನ್ನಿಸಬೇಕು, ಭಾವವೂ ಮುಟ್ಟಬೇಕು ಎಂಬ ನಡುದಾರಿ.

ಇದೆಲ್ಲವನ್ನೂ ನೀವೇ ಕೇಳಿ ನೋಡಬಹುದು. ಶೂಮನ್ ಮೂರನೇ ಸಿಂಫನಿಯ ಮೊದಲ ಅರ್ಧ ನಿಮಿಷ ಕೇಳಿ, ಆಮೇಲೆ ‘ವಿಲ್ಲೋ’ ಚಿತ್ರದ ಸಾಹಸ ದೃಶ್ಯದ ಸಂಗೀತ ಹಾಕಿ. ಮೊದಲು ಟ್ಯೂನನ್ನು ಮಾತ್ರ ಗುನುಗಿ. ಎಲ್ಲಿವರೆಗೆ ಒಂದೇ ದಾರಿಯಲ್ಲಿ ಹೋಗುತ್ತದೆ, ಎಲ್ಲಿ ಕವಲೊಡೆಯುತ್ತದೆ ಎಂದು ಗಮನಿಸಿ. ಎರಡನೇ ಸಲ ಟ್ಯೂನ್ ಬಿಟ್ಟು ವಾದ್ಯಗಳನ್ನಷ್ಟೇ ಕೇಳಿ, ಮೂರನೇ ಸಲ ಲಯ. ಮುಂದಿನ ಸಲ ಯಾರಾದರೂ ಎರಡು ಹಾಡನ್ನು ಅಕ್ಕಪಕ್ಕ ಇಟ್ಟು ವಾಟ್ಸ್ಯಾಪ್‌ನಲ್ಲಿ ಕಳಿಸಿದಾಗಲೂ ಇದೇ ಮೂರು ಸುತ್ತು ಕೇಳಬಹುದು. ಆ ತುಣುಕುಗಳಲ್ಲಿ ಎಷ್ಟೋ ಸಲ ಒಂದರ ವೇಗವನ್ನೋ ಶ್ರುತಿಯನ್ನೋ ಬದಲಿಸಿ ಇನ್ನೊಂದಕ್ಕೆ ಹೊಂದಿಸಿರುತ್ತಾರೆ. ಹಾಗಾಗಿ ಎರಡರ ಮೂಲವನ್ನೂ ಪೂರ್ತಿ ಹುಡುಕಿ ಕೇಳುವುದು ಒಳ್ಳೆಯದು.